ಎಳೆದರೊಂದು, ಒತ್ತಿದರೊಂದು

ಡಯಲಿನ ಮುಳ್ಳು ಮೂರು ಟನ್ನಿನ ಆಸುಪಾಸಿಗೆ ಬಂದು ಅಲ್ಲೇ ನಡುಗತೊಡಗಿತು. ಹಾಸನದ ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬು. ಎಲ್ಲರೂ ಯುಟಿಎಂ ಎಂದೇ ಕರೆಯುವ, ಎಳೆಯಲೂ ಒತ್ತಲೂ ಬರುವ ಯಂತ್ರದ ದವಡೆಗಳ ನಡುವೆ 12 ಮಿಲಿಮೀಟರ್ ದಪ್ಪದ ಮೈಲ್ಡ್ ಸ್ಟೀಲ್ ಸರಳು. ಅದರ ಮೈಮೇಲೆ 60 ಮಿಲಿಮೀಟರ್ ಅಂತರದಲ್ಲಿ ಪಂಚ್ ಹೊಡೆದ ಎರಡು ಚುಕ್ಕಿ. “ಈಲ್ಡ್ ಆಯ್ತು, ಬರ್ಕೊಳ್ರಪ್ಪಾ” ಎಂದರು ಇನ್‌ಸ್ಟ್ರಕ್ಟರ್. ಅಂದರೆ ಸರಳು ಮರಳಿ ಮೊದಲಿನಂತಾಗದ ಹಾಗೆ ಜಗ್ಗತೊಡಗಿತ್ತು. ಸರಳಿನ ಮೈಯಿಂದ ಕಪ್ಪು ಹಕ್ಕಳೆ ಪುಡಿಯಾಗಿ ಉದುರಿತು. ಪಂಪು ಗುಂಯ್‌ಗುಡುತ್ತಿತ್ತು. ಮುಳ್ಳು ಮತ್ತೆ ಮೇಲೇರಿತು, ಸರಳಿನ ನಡು ಸಣ್ಣಗಾಯಿತು, ಮುಳ್ಳು ಹಿಂದಕ್ಕೆ ಇಳಿಯಲು ಶುರುವಾಯಿತು. ಐದು ಟನ್ ಮುಟ್ಟುವ ಗೋಜಿಗೇ ಹೋಗದೆ ಸರಳು ಡಬ್ಬನೆ ತುಂಡಾಯಿತು. ಒಂದು ತುದಿ ಬಟ್ಟಲು, ಇನ್ನೊಂದು ತುದಿ ಆ ಬಟ್ಟಲಿನಲ್ಲಿ ಸರಿಯಾಗಿ ಕೂರುವ ಮೊಂಡು ಶಂಕು. ಕತ್ತರಿಸಿದ ಜಾಗ ಮುಟ್ಟಿದರೆ ಬೆಚ್ಚಗಿತ್ತು.

ಆಮೇಲೆ ಬೀಡಿನ ಸರದಿ. ಬೀಡು ಎಂದರೆ ಎರಕದ ಕಬ್ಬಿಣ. ಅದನ್ನು ಎಳೆದಾಗ ನಡು ಸಣ್ಣಗಾಗುವುದೂ ಇಲ್ಲ, ಮುಳ್ಳು ನಡುಗುವುದೂ ಇಲ್ಲ; ಸದ್ದಿಲ್ಲದೆ ಸಪಾಟಾಗಿ ಮುರಿಯುತ್ತದೆ. ಒಡಕಿನ ಮುಖ ಬೂದುಬಣ್ಣ. ಅದೇ ಬೀಡಿನ ಗಿಡ್ಡ ತುಂಡನ್ನು ಕೆಳಗಿನ ಮೇಜಿನ ಮೇಲಿಟ್ಟು ಒತ್ತಿದರೆ ಅದು ತಡೆಯುವ ಭಾರ ನೋಡಬೇಕು! ಎಳೆತದಲ್ಲಿ ತಡೆದದ್ದರ ಮೂರು ನಾಲ್ಕು ಪಟ್ಟು ಭಾರಕ್ಕೂ ಜಗ್ಗದೆ, ಕೊನೆಗೆ ಓರೆಯಾಗಿ ಸೀಳಿ ಜಾರಿತು.

“ಮೈಲ್ಡ್ ಸ್ಟೀಲಿಗೆ ಎಳೆದ್ರೂ ಅಷ್ಟೇ, ಒತ್ತಿದ್ರೂ ಅಷ್ಟೇ ಸಾರ್, ಈಲ್ಡ್ ಆಗೋದು ಹೆಚ್ಚುಕಮ್ಮಿ ಒಂದೇ ಲೋಡಿಗೆ” ಎಂದರು ಇನ್‌ಸ್ಟ್ರಕ್ಟರ್. “ಬೀಡಿಗೆ ಹಂಗಲ್ಲ. ಒಳಗೆಲ್ಲ ಗ್ರಾಫೈಟ್ ಪದರ. ಎಳೆದ್ರೆ ಪದರ ಬಾಯಿ ಬಿಡುತ್ತೆ, ಒತ್ತಿದ್ರೆ ಮುಚ್ಕೊಳುತ್ತೆ.”

ನಾಲ್ಕೇ ವಾಕ್ಯದಲ್ಲಿ ಹೇಳಿ ಮುಗಿಸಿದರು. ಪಠ್ಯಪುಸ್ತಕ ಇದಕ್ಕೆ ಎರಡು ಪುಟ ತೆಗೆದುಕೊಳ್ಳುತ್ತದೆ.

ನಾನು ಹುಡುಕಿಕೊಂಡು ಬಂದದ್ದು ಮಾತ್ರ ಈ ಎರಡಕ್ಕೂ ಸೇರದ ಮೂರನೆಯ ಲೋಹದ ಸಂಗತಿ. 2021ರ ಏಪ್ರಿಲ್‌ನಲ್ಲಿ ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ, ಅಂದರೆ ಡಿಎಂಆರ್‌ಎಲ್, ಹೆಲಿಕಾಪ್ಟರ್ ಎಂಜಿನ್ನಿಗೆಂದು 60 ಟರ್ಬೈನ್ ಬ್ಲೇಡುಗಳನ್ನು ಎಚ್‌ಎಎಲ್‌ಗೆ ಒಪ್ಪಿಸಿತು. ಐದು ಸೆಟ್, ಒಟ್ಟು 300 ಬ್ಲೇಡುಗಳ ಯೋಜನೆಯಲ್ಲಿ ಅದು ಮೊದಲ ಕಂತು. ಒಂದೊಂದು ಬ್ಲೇಡೂ ನಿಕ್ಕಲ್ ಮಿಶ್ರಲೋಹದ ಒಂದೇ ಒಂದು ಹರಳು. ಜಗತ್ತಿನಲ್ಲಿ ಬೆರಳೆಣಿಕೆಯ ದೇಶಗಳಿಗೆ ಮಾತ್ರ ಒಲಿದ ವಿದ್ಯೆ ಇದು. ಇದನ್ನು ಹಾಸನದಲ್ಲಿ ಯಾರೂ ಮಾಡುವುದಿಲ್ಲ. ಆದರೆ ಈ ಲೋಹವನ್ನು ಅರ್ಥ ಮಾಡಿಕೊಳ್ಳಲು ಬೇಕಾದ ತುಂಡುಗಳೆಲ್ಲ ಹಾಸನದ ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲಿ ಬಿದ್ದಿವೆ ಎಂಬುದು ನನ್ನ ಗುಮಾನಿ. ಒಂದು ತುಂಡು ಲ್ಯಾಬಿನಲ್ಲಿ ಸಿಕ್ಕಿತ್ತು. ಉಳಿದದ್ದಕ್ಕೆ ಹೊಳೆನರಸೀಪುರದ ರಸ್ತೆ ಹಿಡಿದೆ.

ಹೊರಡುವ ಮೊದಲು ಒಂದು ಲೆಕ್ಕ. ನೂರು ಗ್ರಾಂ ತೂಗುವ ಬ್ಲೇಡೊಂದು ಎಂಜಿನ್ನಿನ ಅಚ್ಚಿನಿಂದ 25 ಸೆಂಟಿಮೀಟರ್ ದೂರದಲ್ಲಿ ನಿಮಿಷಕ್ಕೆ 15,000 ಸುತ್ತು ಸುತ್ತುತ್ತಿದೆ ಎನ್ನಿ. ಅದರ ಬುಡವನ್ನು ಹೊರಕ್ಕೆ ಜಗ್ಗುವ ಬಲ ಸುಮಾರು ಆರು ಟನ್. ಲ್ಯಾಬಿನಲ್ಲಿ ತುಂಡಾದ ಸರಳು ಐದು ಟನ್ನೂ ತಡೆದಿರಲಿಲ್ಲ, ಅದೂ ತಣ್ಣಗಿರುವಾಗ. ಬ್ಲೇಡಿನ ಸುತ್ತ ಬೀಸುವ ಅನಿಲದ ಬಿಸಿ 1,500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬ್ಲೇಡಿನ ಲೋಹ 1,350ರ ಹತ್ತಿರಕ್ಕೆ ಕರಗತೊಡಗುವಂಥದ್ದು. ಒಳಗೆ ಕೊರೆದ ಸಣ್ಣ ಸುರಂಗಗಳಲ್ಲಿ ಗಾಳಿ ಹಾಯಿಸಿ, ಮೇಲೆ ಜಿರ್ಕೋನಿಯಾ ಲೇಪ ಬಳಿದು ಅದನ್ನು ಉಳಿಸಿಕೊಳ್ಳುತ್ತಾರೆ.

ಇಂಥ ಬಿಸಿಯಲ್ಲಿ ಮಾಮೂಲಿ ಲೋಹ ಸೋಲುವುದು ಹರಳು ಹರಳುಗಳ ನಡುವಿನ ಗಡಿಯಲ್ಲಿ. ಉಕ್ಕಿನ ಸರಳೊಂದರಲ್ಲಿ ಲಕ್ಷಾಂತರ ಹರಳುಗಳು, ಒಂದೊಂದರ ಮುಖ ಒಂದೊಂದು ದಿಕ್ಕಿಗೆ. ಬಿಸಿ ಏರಿದಂತೆ ಗಡಿಗಳು ಜಾರುತ್ತವೆ, ತೂತು ಬಿಡುತ್ತವೆ, ಅಲ್ಲಿಂದ ಬಿರುಕು ಹೊರಡುತ್ತದೆ. ಗಡಿಯೇ ಇಲ್ಲದಂತೆ ಮಾಡಿದರೆ? ಅಮೆರಿಕದ ಪ್ರಾಟ್ ಅಂಡ್ ವಿಟ್ನಿ ಕಂಪನಿಯಲ್ಲಿ ಫ್ರಾಂಕ್ ವರ್‌ಸ್ನೈಡರ್ ಮತ್ತು ಜೊತೆಗಾರರು 1960ರ ದಶಕದಲ್ಲಿ ಹಿಡಿದ ದಾರಿ ಇದು. ಬ್ಲೇಡನ್ನು ಮೊದಲು ಮೇಣದಲ್ಲಿ ಮಾಡಿ, ಮೇಲೆ ಸೆರಾಮಿಕ್ ಕವಚ ಕಟ್ಟಿ, ಮೇಣ ಕರಗಿಸಿ ತೆಗೆದು, ಆ ಟೊಳ್ಳಿಗೆ ನಿರ್ವಾತದಲ್ಲಿ ಲೋಹ ಸುರಿಯುತ್ತಾರೆ. ನಮ್ಮ ಸ್ಥಪತಿಗಳು ಉತ್ಸವಮೂರ್ತಿ ಎರೆಯುವ ವಿಧಾನವೇ. ಮುಂದಿನದು ಬೇರೆ. ಅಚ್ಚನ್ನು ಕುಲುಮೆಯ ಬಿಸಿ ಭಾಗದಿಂದ ತಂಪು ಭಾಗಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಕೆಳಗಿಳಿಸುತ್ತಾರೆ. ಬುಡದಲ್ಲಿ ಹುಟ್ಟಿದ ಹರಳುಗಳು ಮೇಲಕ್ಕೆ ಬೆಳೆಯುವ ದಾರಿಯಲ್ಲಿ ಒಂದು ಸಣ್ಣ ಸುರುಳಿ ಕೊಳವೆ ಇದೆ. ಆ ಸುರುಳಿ ಹತ್ತಿ ಆಚೆ ಬರುವುದು ಒಂದೇ ಹರಳು. ಬ್ಲೇಡೆಲ್ಲ ಅದೇ. 1982ರಲ್ಲಿ ಜೆಟಿ9ಡಿ-7ಆರ್4 ಎಂಜಿನ್ನಿನೊಳಗೆ ಇಂಥ ಬ್ಲೇಡು ಪ್ರಯಾಣಿಕ ವಿಮಾನಗಳನ್ನೇರಿತು.

ಮೊಸಳೆಹೊಸಹಳ್ಳಿ ದಾಟಿದ ಮೇಲೆ ರೈಲು ಹಳಿ ರಸ್ತೆಯ ಜೊತೆಗೆ ಆಗಾಗ ಕಣ್ಣಾಮುಚ್ಚಾಲೆ ಆಡುತ್ತದೆ. ಹಾಸನ–ಮೈಸೂರು ಮಾರ್ಗ. ಹೊಳೆನರಸೀಪುರ ಎಂದರೆ ಹೇಮಾವತಿ, ಲಕ್ಷ್ಮೀನರಸಿಂಹ, ರಾಜಕೀಯ ಎಂದು ನಾವು ಮುಗಿಸಿಬಿಡುತ್ತೇವೆ. ನನ್ನ ಕೆಲಸವಿದ್ದದ್ದು ಸ್ಟೇಷನ್ನಿನ ಆಚೆ, ಲೆವೆಲ್ ಕ್ರಾಸಿಂಗಿನ ಹತ್ತಿರ. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ ಇಟ್ಟುಕೊಂಡು ಕೀಮ್ಯಾನ್ ಒಬ್ಬರು ಹಳಿ ನೋಡುತ್ತ ಬರುತ್ತಿದ್ದರು. ನೋಡುವುದು ಎಂದರೆ ಬರೀ ಕಣ್ಣಲ್ಲಿ ಅಲ್ಲ, ಸಡಿಲ ಕಂಡ ಕ್ಲಿಪ್ಪಿಗೆ ಸುತ್ತಿಗೆಯ ಏಟೂ ಸೇರಿ.

“ಈಗ ಮೊದಲಿನ ತರ ಹಳಿಹಳಿಗೂ ಸಂದಿ ಇಲ್ಲವಲ್ಲ, ಬಿಸಿಲಿಗೆ ಹಿಗ್ಗಿದರೆ ಎಲ್ಲಿ ಹೋಗುತ್ತೆ?” ಎಂದೆ.

“ಎಲ್ಲೂ ಹೋಗಲ್ಲ ಸಾ, ಅಲ್ಲೇ ತಿಣುಕ್ತಾ ಇರ್ತದೆ” ಎಂದರು. “ಬ್ಯಾಸ್ಗೇಲಿ ಮಧ್ಯಾಹ್ನ ಸೊಟ್ಟಗಾಯ್ತದಾ ಅಂತ ನೋಡ್ಬೇಕು. ಚಳಿಗಾಲ್ದಲ್ಲಿ ಬೆಳಗಿನ ಜಾವ ಬಿಟ್ಕೊಂಡ್ತಾ ಅಂತ ನೋಡ್ಬೇಕು.”

ರೈಲ್ವೆಯಲ್ಲಿ ಇದಕ್ಕೆ ಬೇರೆ ಬೇರೆ ಗಸ್ತುಗಳೇ ಇವೆ, ಬೇಸಿಗೆಗೊಂದು, ಚಳಿಗೊಂದು. ಉದ್ದುದ್ದಕ್ಕೆ ಬೆಸೆದ ಹಳಿ ಕಟ್ಟಿಹಾಕಿದ ಹಳಿ. ಬಿಸಿಯಾದಾಗ ಉದ್ದವಾಗಲು ಜಾಗವಿಲ್ಲ. ಹಾಗಾಗಿ ಉದ್ದವಾಗುವ ಆಸೆಯೆಲ್ಲ ಒಳಗೆ ಒತ್ತಾಗಿ ಕೂರುತ್ತದೆ. ಒಂದು ಡಿಗ್ರಿ ಏರಿದರೆ ಚದರ ಮಿಲಿಮೀಟರಿಗೆ ಸುಮಾರು 2.4 ನ್ಯೂಟನ್. ಹಳಿ ಕೂರಿಸಿದಾಗ ಇದ್ದುದಕ್ಕಿಂತ 25 ಡಿಗ್ರಿ ಹೆಚ್ಚು ಕಾದರೆ ಮೀಟರಿಗೆ 60 ಕೆಜಿ ತೂಗುವ ಹಳಿಯೊಂದರ ಒಳಗೆ 45 ಟನ್ನಿಗೂ ಮೀರಿದ ಒತ್ತು. ಮೇಲೆ ರೈಲು ಇರಲಿ ಬಿಡಲಿ. ಅಷ್ಟೇ ತಣಿದರೆ ಅಷ್ಟೇ ಎಳೆತ. ಭಾರ ಹೊರಿಸದೆ, ಬರೀ ಬಿಸಿಲು ಚಳಿಯಿಂದ ಲೋಹವನ್ನು ಹಗಲು ಒತ್ತಿ ರಾತ್ರಿ ಎಳೆಯಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬ್ಲೇಡಿನ ಕಥೆಯಲ್ಲಿ ಒತ್ತು ಬರುವುದು ಈ ಬಾಗಿಲಿನಿಂದ. ತಿರುಗುವ ಬ್ಲೇಡನ್ನು ಎಳೆಯುವುದು ಸರಿ, ಒತ್ತುವವರು ಯಾರು ಎಂದು ಕೇಳಬಹುದು. ಎಂಜಿನ್ ಚಾಲೂ ಆದ ಕೂಡಲೇ ಬ್ಲೇಡಿನ ಹೊರಮೈ, ಅದರಲ್ಲೂ ಗಾಳಿಗೆ ಎದುರಾದ ಅಂಚು, ದಿಢೀರನೆ ಕಾಯುತ್ತದೆ. ಒಳಗಿನ ಗಾಳಿದಾರಿಯ ಗೋಡೆ ಇನ್ನೂ ತಣ್ಣಗೆ. ಹೊರಮೈ ಹಿಗ್ಗಬೇಕೆನ್ನುತ್ತದೆ, ಒಳಗೋಡೆ ಬಿಡುವುದಿಲ್ಲ. ಹೊರಮೈ ಒತ್ತಿಗೆ ಸಿಕ್ಕು, ಬಿಸಿಯಲ್ಲಿ ತುಸು ಕುಗ್ಗಿ ಕೂರುತ್ತದೆ. ಎಂಜಿನ್ ಆರಿಸಿ ಎಲ್ಲ ತಣ್ಣಗಾದಾಗ ಆ ಕುಗ್ಗಿದ ಮೈ ಸಾಲದೆ ಬಂದು ಎಳೆತಕ್ಕೆ ಬೀಳುತ್ತದೆ. ಒಂದೊಂದು ಹಾರಾಟಕ್ಕೂ ಹೀಗೊಂದು ಸುತ್ತು. ಸಾವಿರಾರು ಸುತ್ತಿನ ಮೇಲೆ ಬಿರುಕು. ಆದ್ದರಿಂದ ಎಳೆತದಲ್ಲಿ ಲೋಹ ಎಷ್ಟು ತಡೆಯುತ್ತದೆ ಎಂಬುದೊಂದನ್ನೇ ಅಳೆದು ಬ್ಲೇಡು ವಿನ್ಯಾಸ ಮಾಡಲು ಬಾರದು. ಒತ್ತಿನದ್ದೂ ಬೇಕು, ಬಿಸಿಬಿಸಿಯಲ್ಲೇ ಬೇಕು.

ಹಾಗಿದ್ದರೆ ಬ್ಲೇಡಿಗೆ ಹರಳಿನ ಯಾವ ದಿಕ್ಕನ್ನು ಉದ್ದಕ್ಕೆ ಇಡಬೇಕು? ನಿಕ್ಕಲ್ಲಿನ ಪರಮಾಣುಗಳು ಪುಟ್ಟ ಘನಗಳಾಗಿ ಜೋಡಿಸಿಕೊಂಡಿರುತ್ತವೆ. ಚನ್ನರಾಯಪಟ್ಟಣದ ಕಡೆ ಸಾಲು ಹಿಡಿದು ನೆಟ್ಟ ತೆಂಗಿನ ತೋಟದಲ್ಲಿ ನಿಂತು ನೋಡಿದರೆ, ನೇರ ನೋಡಿದಾಗ ಒಂದು ಅಂತರದ ಸಾಲು, ಓರೆಯಾಗಿ ನೋಡಿದಾಗ ಇನ್ನೊಂದು ಅಂತರದ ಸಾಲು ಕಾಣುವುದಿಲ್ಲವೇ, ಹರಳಿನೊಳಗೂ ಹಾಗೆಯೇ ದಿಕ್ಕಿಗೊಂದು ಗುಣ. ಘನದ ಅಂಚಿನ ಗುಂಟ ಎಳೆದರೆ ಈ ಲೋಹ ಉಕ್ಕಿಗಿಂತಲೂ ಮೆತ್ತಗೆ: ಬಿಗಿತ ಸುಮಾರು 125 ರಿಂದ 130 ಗಿಗಾಪಾಸ್ಕಲ್, ಉಕ್ಕಿನದು 200ರ ಮೇಲೆ. ಮೂಲೆಯಿಂದ ಎದುರು ಮೂಲೆಗೆ ಎಳೆದರೆ 300 ದಾಟುತ್ತದೆ. ಬಿಗಿಯಾದ ದಿಕ್ಕು ಒಳ್ಳೆಯದಲ್ಲವೇ ಎಂದರೆ ಅಲ್ಲ. ಬಿಸಿಯಿಂದ ಹುಟ್ಟುವ ಒತ್ತು ಬಿಗಿತದ ಪಟ್ಟಿನಲ್ಲಿ ಏರುತ್ತದೆ. ಹಳಿಗೆ ಮೆತ್ತನೆಯ ಉಕ್ಕು ಆರಿಸಿಕೊಳ್ಳುವ ಅವಕಾಶವಿಲ್ಲ, ಬ್ಲೇಡಿಗೆ ಇದೆ. ಅದಕ್ಕೇ ಅಂಚಿನ ದಿಕ್ಕನ್ನೇ ಬ್ಲೇಡಿನ ಉದ್ದಕ್ಕೆ ಇಡುತ್ತಾರೆ. ನಿಕ್ಕಲ್ ಮಿಶ್ರಲೋಹ ಹೆಪ್ಪುಗಟ್ಟುವಾಗ ತಾನಾಗಿ ಬೆಳೆಯಲು ಬಯಸುವುದೂ ಅದೇ ದಿಕ್ಕಿಗೆ. ಪ್ರಕೃತಿ ಎಂಜಿನಿಯರುಗಳ ಜೊತೆ ಸಹಕರಿಸುವುದು ಅಪರೂಪ, ಇಲ್ಲಿ ಸಹಕರಿಸಿದೆ.

ಇನ್ನು ಮುಖ್ಯ ವಿಷಯ. ಯಾವುದೇ ಲೋಹ ಬಾಗುವುದು, ಜಗ್ಗುವುದು ಎಂದರೆ ಅದರೊಳಗಿನ ಪರಮಾಣು ಪದರಗಳು ಒಂದರ ಮೇಲೊಂದು ಜಾರುವುದು. ಪದರವೆಲ್ಲ ಒಟ್ಟಿಗೆ ಜಾರುವುದಿಲ್ಲ. ಜೋಡಣೆ ತಪ್ಪಿದ ಒಂದು ಗೆರೆ ಪದರದುದ್ದಕ್ಕೂ ಓಡುತ್ತದೆ. ಅದನ್ನು ಡಿಸ್‌ಲೊಕೇಶನ್ ಎನ್ನುತ್ತಾರೆ. ಅದನ್ನು ಓಡಿಸುವುದು ಪದರದ ಗುಂಟ ಬೀಳುವ ಜಾರುಬಲ ಮಾತ್ರ ಎಂದು ಎರಿಕ್ ಶ್ಮಿಡ್ 1920ರ ದಶಕದಲ್ಲಿ ನಿಯಮ ಹೇಳಿದ. ಎಳೆದಾಗಲೂ ಒತ್ತಿದಾಗಲೂ ಆ ಜಾರುಬಲದ ಅಳತೆ ಒಂದೇ, ದಿಕ್ಕು ತಿರುಗುಮುರುಗು ಅಷ್ಟೆ. ಹಾಗಾಗಿ ಎಳೆತಕ್ಕೂ ಒತ್ತಿಗೂ ಲೋಹ ಒಂದೇ ಭಾರಕ್ಕೆ ಬಗ್ಗಬೇಕು. ಮೈಲ್ಡ್ ಸ್ಟೀಲ್ ಈ ನಿಯಮವನ್ನು ಪಾಲಿಸುವಂತೆ ಕಾಣುತ್ತದೆ, ಏಕೆಂದರೆ ಅದರ ಲಕ್ಷಾಂತರ ಹರಳುಗಳಲ್ಲಿ ಯಾವುದಾದರೊಂದರ ಪಕ್ಷಪಾತವನ್ನು ಇನ್ನೊಂದು ಸರಿದೂಗಿಸುತ್ತದೆ. ಬೀಡಿನ ಪಕ್ಷಪಾತಕ್ಕೆ ಕಾರಣ ಅದರ ದೋಷ, ಒಳಗಿನ ಪದರ ಬಿರುಕು. ಒಂದೇ ಹರಳಿನ ಲೋಹದಲ್ಲಿ ದೋಷವೂ ಇಲ್ಲ, ಸರಿದೂಗಿಸುವ ಗುಂಪೂ ಇಲ್ಲ. ಅಲ್ಲಿ ಪಕ್ಷಪಾತ ಬರುವುದು ಅಚ್ಚುಕಟ್ಟಿನಿಂದಲೇ. ನನಗೆ ಈ ಇಡೀ ವಿಷಯದಲ್ಲಿ ಹಿಡಿಸಿದ್ದು ಇದು: ತೀರ ಒರಟು ಲೋಹ ಮತ್ತು ತೀರ ನಾಜೂಕು ಲೋಹ ಎರಡೂ ಎಳೆತ-ಒತ್ತುಗಳಲ್ಲಿ ಭೇದ ಮಾಡುತ್ತವೆ, ನಡುವಿನದ್ದು ಮಾತ್ರ ಮಾಡುವುದಿಲ್ಲ.

ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಈ ಮಿಶ್ರಲೋಹವನ್ನು ಹೊಳಪು ಮಾಡಿ, ಆಮ್ಲ ತಾಗಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟರೆ ಕಾಣುವುದು ಒಂದರ ಪಕ್ಕ ಒಂದು ಒಪ್ಪವಾಗಿ ಕೂತ ಚೌಕಗಳು. ಒಂದೊಂದೂ ಅರ್ಧ ಮೈಕ್ರಾನಿನ ಆಸುಪಾಸು. ಅವು ನಿಕ್ಕಲ್ ಮೂರು, ಅಲ್ಯೂಮಿನಿಯಂ ಒಂದು ಲೆಕ್ಕದ ಸಂಯುಕ್ತದ ಘನಗಳು. ಗ್ಯಾಮಾ ಪ್ರೈಮ್ ಎಂದು ಹೆಸರು. ಲೋಹದ ಗಾತ್ರದಲ್ಲಿ ಶೇ 60 ರಿಂದ 70 ಇವೇ. ನಡುನಡುವೆ ಕಿರಿದಾದ ಓಣಿಗಳಲ್ಲಿ ಮೆತ್ತನೆಯ ನಿಕ್ಕಲ್. ಘನದೊಳಗೆ ಯಾವ ಪರಮಾಣು ಎಲ್ಲಿ ಕೂರಬೇಕೆಂದು ಕಟ್ಟುನಿಟ್ಟು: ಪರಮಾಣುಗಳ ಒಂದೊಂದು ಪುಟ್ಟ ಘನದಲ್ಲೂ ಅಲ್ಯೂಮಿನಿಯಂ ಮೂಲೆಗಳಲ್ಲಿ, ನಿಕ್ಕಲ್ ಮುಖಗಳ ನಡುವಿನಲ್ಲಿ. ಡಿಸ್‌ಲೊಕೇಶನ್ ಒಂದು ಇದರೊಳಗೆ ಓಡಿದರೆ ಅಲ್ಯೂಮಿನಿಯಂ ಪಕ್ಕಕ್ಕೆ ಅಲ್ಯೂಮಿನಿಯಂ ಬಂದು ಪಂಕ್ತಿ ಕೆಡುತ್ತದೆ. ಅದನ್ನು ಸರಿಪಡಿಸಲು ಹಿಂದಿನಿಂದ ಇನ್ನೊಂದು ಓಡಬೇಕು. ಅದಕ್ಕೇ ಇಲ್ಲಿ ಡಿಸ್‌ಲೊಕೇಶನ್‌ಗಳು ಜೋಡಿಯಾಗಿಯೇ ಓಡಾಡುತ್ತವೆ, ಮತ್ತು ಜೋಡಿಯ ಒಂದೊಂದೂ ತಾನೇ ಎರಡು ತುಂಡಾಗಿ ಹರಡಿಕೊಂಡಿರುತ್ತದೆ.

ಬಿಸಿ ಏರಿದರೆ ಲೋಹ ಮೆತ್ತಗಾಗುವುದು ಲೋಕರೂಢಿ. ಗ್ಯಾಮಾ ಪ್ರೈಮ್ ಉಲ್ಟಾ. ಸುಮಾರು 700–800 ಡಿಗ್ರಿವರೆಗೆ ಅದು ಕಾದಷ್ಟೂ ಗಟ್ಟಿ. 1962ರಲ್ಲಿ ಬರ್ನಾರ್ಡ್ ಕಿಯರ್ ಮತ್ತು ಹೈನ್ಸ್ ವಿಲ್ಸ್‌ಡಾರ್ಫ್ ಇದರ ಗುಟ್ಟು ಬಿಡಿಸಿದರು. ಬಿಸಿಯ ಒದೆತಕ್ಕೆ ಮುಂದಿನ ಡಿಸ್‌ಲೊಕೇಶನ್ ತನ್ನ ಓರೆ ಪದರ ಬಿಟ್ಟು ಪಕ್ಕದ ಘನಮುಖದ ಪದರಕ್ಕೆ ಹೊರಳುತ್ತದೆ. ಅಲ್ಲಿ ಅದಕ್ಕೆ ಓಡಲಾಗದು, ಹಿಂದಿನದಕ್ಕೆ ಅದನ್ನು ಬಿಟ್ಟು ಹೋಗಲಾಗದು. ಬೀಗ ಬಿದ್ದಂತೆ. ಕಾದಷ್ಟೂ ಹೊರಳುವುದು ಹೆಚ್ಚು, ಹೊರಳಿದಷ್ಟೂ ಬೀಗ ಹೆಚ್ಚು.

ಹೊರಳಬೇಕಾದರೆ ಒಂದು ಷರತ್ತು: ಹರಡಿಕೊಂಡ ಎರಡು ತುಂಡುಗಳು ಮೊದಲು ಒಂದಾಗಬೇಕು. ಹೊರಗಿನಿಂದ ಹಾಕಿದ ಭಾರದಲ್ಲಿ, ಜಾರುಬಲದ ಜೊತೆಗೆ, ಈ ತುಂಡುಗಳನ್ನು ಹತ್ತಿರ ತಳ್ಳುವ ಅಥವಾ ದೂರ ಸರಿಸುವ ಒಂದು ಪಾಲೂ ಇರುತ್ತದೆ. ಶ್ಮಿಡ್ ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಈ ಪಾಲನ್ನು. ಘನದ ಅಂಚಿನ ಗುಂಟ ಎಳೆದರೆ ಅದು ತುಂಡುಗಳನ್ನು ಕೂಡಿಸುತ್ತದೆ, ಒತ್ತಿದರೆ ಬಿಡಿಸುತ್ತದೆ. ಆದ್ದರಿಂದ ಎಳೆದಾಗ ಬೀಗ ಹೆಚ್ಚು, ಲೋಹ ಗಟ್ಟಿ. ಒತ್ತಿದಾಗ ಬೀಗ ಕಡಿಮೆ, ಲೋಹ ಬೇಗ ಬಗ್ಗುತ್ತದೆ. ಘನದ ಮುಖದ ಕರ್ಣದ ಗುಂಟ ಭಾರ ಹಾಕಿದರೆ ಎಲ್ಲ ತಿರುಗುಮುರುಗು, ಒತ್ತಿಗೇ ಹೆಚ್ಚು ತಡೆಯುತ್ತದೆ. 1979ರಲ್ಲಿ ಲಾಲ್, ಚಿನ್ ಮತ್ತು ಪೋಪ್ ಇದನ್ನು ಶುದ್ಧ ಗ್ಯಾಮಾ ಪ್ರೈಮ್ ಜಾತಿಯ ಹರಳುಗಳಲ್ಲಿ ತೋರಿಸಿ ಸೂತ್ರ ಕಟ್ಟಿದರು. 1984ರಲ್ಲಿ ಪ್ರಾಟ್ ಅಂಡ್ ವಿಟ್ನಿಯ ಶಾ ಮತ್ತು ಡೂಲ್, ಎಂಜಿನ್ನಿನಲ್ಲಿ ನಿಜವಾಗಿ ಬಳಸುವ ಪಿಡಬ್ಲ್ಯುಎ 1480 ಮಿಶ್ರಲೋಹದಲ್ಲೂ ಅದೇ ಭೇದ ಅಳೆದು ತೋರಿಸಿದರು. ಇಷ್ಟು ಸಾಲದೆಂಬಂತೆ ಹರಳು ಅವಳಿಯಾಗಿ ಮಡಚುವ ಇನ್ನೊಂದು ಬಗೆಯ ವಿರೂಪವೂ ಇದೆ. ಅಂಚಿನ ದಿಕ್ಕಿನಲ್ಲಿ ಅದಕ್ಕೆ ಒತ್ತು ಅನುಕೂಲ, ಎಳೆತ ಅಲ್ಲ. ಬೀಗದ ಕೆಲಸ ನಡೆಯುವುದು 800ರ ಸುಮಾರಿನವರೆಗೆ. ಅದರಾಚೆ ಘನಮುಖದ ಪದರಗಳೂ ಜಾರಲು ಶುರುಮಾಡಿ, ಲೋಹ ಮೆತ್ತಗಾಗಿ, ಈ ಭೇದ ಸವೆಯುತ್ತದೆ.

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ಇಷ್ಟನ್ನೂ ತಲೆಯಲ್ಲಿ ಮಗುಚಿಹಾಕುತ್ತ ಹೋದೆ. ಹೊಗೆಸೊಪ್ಪಿನ ಬ್ಯಾರನ್‌ಗಳು, ಆಲೂಗಡ್ಡೆ ಹೊಲ, ರಾಮನಾಥಪುರದ ಕಡೆ ತಿರುಗುವ ಬಸ್ಸುಗಳು. ಕೊಣನೂರಿನಲ್ಲಿ ಕಾವೇರಿಯ ಮೇಲೆ ತೂಗುಸೇತುವೆ ಇದೆ. ಎಳೆತವನ್ನು ಬರಿಗಣ್ಣಿಗೆ ತೋರಿಸುವ ಜಾಗ: ನಡೆದಾಡುವವರ ಭಾರವೆಲ್ಲ ಹಗ್ಗಕ್ಕೆ ಎಳೆತವಾಗಿ, ಗೋಪುರಕ್ಕೆ ಒತ್ತಾಗಿ ಹಂಚಿಹೋಗುತ್ತದೆ. ಉಕ್ಕಿನ ಹಗ್ಗವನ್ನು ಒತ್ತಲಂತೂ ಬರುವುದೇ ಇಲ್ಲ, ಮುದುರಿಕೊಳ್ಳುತ್ತದೆ. ಹಗ್ಗದ ಧೋರಣೆ ಏಕಹರಳಿಗೆ ನೇರ ವಿರುದ್ಧ. ಹಗ್ಗದಲ್ಲಿ ಹತ್ತಾರು ತಂತಿ. ಒಂದು ಹರಿದರೆ ಉಳಿದವು ಹೊರುತ್ತವೆ. ಇನ್ನೊಂದು ಕಾವೇರಿಯೂ ಇದೆಯಲ್ಲ ಎಂದು ಸೇತುವೆಯ ಮೇಲೆ ನೆನಪಾಯಿತು. ಬೆಂಗಳೂರಿನ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ 1989ರಲ್ಲಿ ಮಂಜೂರಾತಿ ಪಡೆದು ಕೈಗೆತ್ತಿಕೊಂಡ ಯುದ್ಧವಿಮಾನದ ಎಂಜಿನ್ನಿಗೆ ಈ ನದಿಯ ಹೆಸರೇ. 2008ರಲ್ಲಿ ಅದನ್ನು ತೇಜಸ್ ಯೋಜನೆಯಿಂದ ಬಿಡಿಸಿದರು. ಬಿಸಿ ಭಾಗದ ಲೋಹವೂ ಅದರ ತೊಡಕುಗಳಲ್ಲಿ ಒಂದು.

ಕೊನೆಯ ದಾರಿ ಚನ್ನರಾಯಪಟ್ಟಣದಿಂದ ತಿಪಟೂರು ಕಡೆಗೆ. ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ. ಹೊರಗೋಡೆಯ ಶಿಲ್ಪಗಳಿಗೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರಿದೆ. ಅವುಗಳ ಬಗ್ಗೆ ಬರೆದವರು ಬಹಳ ಜನ. ನಾನು ಒಳಗೆ ಹೋಗಿ ತಲೆಯೆತ್ತಿ ನೋಡಿದ್ದು ಕಂಬದಿಂದ ಕಂಬಕ್ಕೆ ಇಟ್ಟ ತೊಲೆಗಳನ್ನು. ಕಂಬ ಬರೀ ಒತ್ತು ಹೊರುತ್ತದೆ, ಕಲ್ಲಿಗೆ ಅದು ಲೀಲಾಜಾಲ. ತೊಲೆಯ ಸಂಗತಿ ಬೇರೆ. ಮೇಲಿನ ಭಾರಕ್ಕೆ ತೊಲೆ ಕೂದಲೆಳೆಯಷ್ಟು ಬಗ್ಗಿದರೂ ಅದರ ತಳಮುಖ ಎಳೆತಕ್ಕೆ ಬೀಳುತ್ತದೆ, ಎಳೆತಕ್ಕೆ ಕಲ್ಲು ಬೀಡಿಗಿಂತಲೂ ಅಳ್ಳಕ. ಅದಕ್ಕೇ ಅಂತರ ಕಮ್ಮಿ, ಕಂಬ ಹೆಚ್ಚು. ನವರಂಗದ ಆ ಕಂಬಗಳ ಗುಂಪು ಅಂದಕ್ಕೆಂದು ಬಂದದ್ದು ಎಂದುಕೊಳ್ಳುವವರು ತೊಲೆಯ ತಳಭಾಗವನ್ನೊಮ್ಮೆ ನೋಡಬೇಕು.

ನುಗ್ಗೇಹಳ್ಳಿಯ ಹೆಸರನ್ನು ಭೂವಿಜ್ಞಾನಿಗಳು ಬೇರೆ ಕಾರಣಕ್ಕೆ ಬಲ್ಲರು. ಇಲ್ಲಿ ಹಾದುಹೋಗುವ, 300 ಕೋಟಿ ವರ್ಷಕ್ಕೂ ಹಳೆಯ, ಕಿರಿದಾದ ಉದ್ದನೆಯ ಶಿಲಾಪಟ್ಟಿಗೆ ನುಗ್ಗೇಹಳ್ಳಿ ಪಟ್ಟಿ ಎಂದೇ ಹೆಸರು. ಅದರಲ್ಲಿ ಬೈರಾಪುರ, ಭಕ್ತರಹಳ್ಳಿ, ಜಂಬೂರು, ತಗಡೂರು. ಬೈರಾಪುರದ ಕ್ರೋಮೈಟ್ (ಕ್ರೋಮಿಯಂ ಅದಿರು) ಗಣಿ ರಾಜ್ಯ ಸರ್ಕಾರದ ಮೈಸೂರು ಮಿನರಲ್ಸ್ ನಡೆಸಿದ್ದು. ನೆಲದಾಳಕ್ಕೆ ಇಳಿದ ಗಣಿ. ರಸ್ತೆಯಿಂದ ಕಾಣುವುದು ತೆಂಗಿನ ತೋಟಗಳ ಹಿಂದಿನ ಕಲ್ಲುಮಣ್ಣಿನ ದಿಬ್ಬ.

ದಾರಿಬದಿಯಲ್ಲಿ ಬಿದ್ದಿದ್ದ ಕಪ್ಪು ಕಲ್ಲೊಂದನ್ನು ಎತ್ತಿ ನೋಡಿದೆ. ಮುಷ್ಟಿಯಷ್ಟೇ ಇದ್ದರೂ ಕೈ ಜಗ್ಗಿತು. ಕ್ರೋಮೈಟಿನ ಸಾಂದ್ರತೆ ನೀರಿನ ನಾಲ್ಕೂವರೆ ಪಟ್ಟು, ಶ್ರವಣಬೆಳಗೊಳದ ಬೆಟ್ಟದ ಗ್ರಾನೈಟ್ ಮೂರನ್ನೂ ಮುಟ್ಟುವುದಿಲ್ಲ. ಆದರೆ ತಗಡೂರಿನ ಕಡೆ ಟೈಟಾನಿಯಂ ಬೆರೆತ ಮ್ಯಾಗ್ನೆಟೈಟ್ ಅದಿರೂ ಇದೆ. ಅದೂ ಕಪ್ಪು, ಅದೂ ಭಾರ. ಬಿಡಿಸಿ ಹೇಳುವ ಉಪಾಯ ಸುಲಭ. ಹೊಳಪಿಲ್ಲದ ಟೈಲ್ಸಿನ ಹಿಂಬದಿಗೆ ಉಜ್ಜಿದರೆ ಕ್ರೋಮೈಟ್ ಕಂದು ಗೆರೆ ಎಳೆಯುತ್ತದೆ, ಮ್ಯಾಗ್ನೆಟೈಟ್ ಕಪ್ಪು ಗೆರೆ. ಅಯಸ್ಕಾಂತ ಹಿಡಿದರೆ ಮ್ಯಾಗ್ನೆಟೈಟ್ ಟಪ್ಪನೆ ಅಂಟುತ್ತದೆ. ನನ್ನ ಕಲ್ಲು ಕಂದು ಗೆರೆ ಎಳೆಯಿತು.

ಈ ಕ್ರೋಮಿಯಂ ಬ್ಲೇಡಿನೊಳಗೆ ಹೋಗುತ್ತದೆಯೇ? ಬೈರಾಪುರದ್ದೇ ಎಂದು ಹೇಳಲು ಬರುವುದಿಲ್ಲ. ಲೋಕದ ಕ್ರೋಮೈಟಿನಲ್ಲಿ ಬಹುಪಾಲು ಫೆರೋಕ್ರೋಮ್ ಆಗಿ ಸ್ಟೇನ್‌ಲೆಸ್ ಸ್ಟೀಲಿಗೆ, ಅಂದರೆ ನಮ್ಮ ಲೋಟ ತಟ್ಟೆಗಳಿಗೆ ಹೋಗುತ್ತದೆ. ಕ್ರೋಮಿಯಂ ಇಲ್ಲದ ನಿಕ್ಕಲ್ ಬ್ಲೇಡು ಮಾತ್ರ ಇಲ್ಲ. ಕಾದ ಅನಿಲ ಲೋಹವನ್ನು ತಿನ್ನದಂತೆ ತಡೆಯುವುದರಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಆದರೂ ತಲೆಮಾರು ತಲೆಮಾರಿಗೆ ಅದರ ಪ್ರಮಾಣ ಇಳಿಯುತ್ತ ಬಂತು. ಪಿಡಬ್ಲ್ಯುಎ 1480ರಲ್ಲಿ ಶೇ 10. ಶೇ 3ರಷ್ಟು ರೀನಿಯಂ ಸೇರಿಸಿದ ಎರಡನೆಯ ತಲೆಮಾರಿನಲ್ಲಿ, ಸಿಎಂಎಸ್‌ಎಕ್ಸ್-4ರಂಥದ್ದರಲ್ಲಿ, ಆರೂವರೆ. ರೀನಿಯಂ ಶೇ 6 ಆದ ಸಿಎಂಎಸ್‌ಎಕ್ಸ್-10ರಲ್ಲಿ ಎರಡಕ್ಕೆ ಇಳಿಯಿತು. ರೀನಿಯಂ, ಟಂಗ್‌ಸ್ಟನ್‌ಗಳು ಬಿಸಿಯಲ್ಲಿ ಲೋಹ ನಿಧಾನವಾಗಿ ಜಗ್ಗುವುದನ್ನು ತಡೆಯುತ್ತವೆ. ಅವು ಹೆಚ್ಚಿರುವಲ್ಲಿ ಕ್ರೋಮಿಯಂ ಕೂಡ ಹೆಚ್ಚಾದರೆ, ದೀರ್ಘಕಾಲದ ಕಾವಿನಲ್ಲಿ, ಹರಳಿನೊಳಗೆ ಬೇರೆಯೇ ಜಾತಿಯ ಪೆಡಸು ಸೂಜಿಗಳು ಹುಟ್ಟಿಕೊಳ್ಳುತ್ತವೆ. ಎಳೆದಾಗ ಬಿರುಕು ಹೊರಡಲು ಅವೇ ಜಾಗ. ದೋಷವಿಲ್ಲದ ಲೋಹ ಬೀಡಿನ ರೋಗವನ್ನು ತಾನಾಗಿ ತಂದುಕೊಂಡಂತೆ.

ಕಾವು ಸಾವಿರ ಡಿಗ್ರಿಯ ಹತ್ತಿರ ಬಹುಕಾಲ ನಿಂತರೆ ಚೌಕಗಳೂ ಹಾಗೇ ಉಳಿಯುವುದಿಲ್ಲ. ಅಂಚಿನ ಗುಂಟ ಎಳೆತದಲ್ಲಿದ್ದ ಕಡೆ ಅವು ಒಂದಕ್ಕೊಂದು ಕೂಡಿಕೊಂಡು, ಎಳೆತಕ್ಕೆ ಅಡ್ಡಲಾಗಿ ಹಲಗೆ ಹಲಗೆಯಾಗುತ್ತವೆ. ಒತ್ತಿನಲ್ಲಿದ್ದ ಕಡೆ ಒತ್ತಿದ ದಿಕ್ಕಿಗೇ ಉದ್ದುದ್ದ ನಿಲ್ಲುತ್ತವೆ. ಇಂದಿನ ಬಹುತೇಕ ಬ್ಲೇಡು ಲೋಹಗಳಲ್ಲಿ ಘನದೊಳಗಿನ ಪರಮಾಣುಗಳ ಅಂತರ ಸುತ್ತಲಿನ ನಿಕ್ಕಲ್ಲಿನದಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿರುವುದೇ ಇದಕ್ಕೆ ಕಾರಣ. ಹಿರಿದಾಗಿದ್ದರೆ ಇದು ಅದಲುಬದಲು. ಆದ್ದರಿಂದ ಎಂಜಿನ್ನಿನಿಂದ ಬಿಚ್ಚಿದ ಹಳೆಯ ಬ್ಲೇಡನ್ನು ಕೊಯ್ದು ನೋಡುವವರು ತುದಿಯಿಂದ ಬುಡದವರೆಗೆ ಒಂದೊಂದೇ ಜಾಗದ ಚಿತ್ರ ತೆಗೆಯುತ್ತಾರೆ. ಹಲಗೆಗಳು ಅಡ್ಡ ಮಲಗಿದ್ದರೆ ಅಲ್ಲಿ ಎಳೆತ, ಉದ್ದ ನಿಂತಿದ್ದರೆ ಒತ್ತು, ಚೌಕ ಚೌಕವಾಗಿಯೇ ಇದ್ದರೆ ಅಲ್ಲಿಗೆ ಅಷ್ಟು ಕಾವು ತಾಗಿಲ್ಲ.